ಚಿಲ್ಲರೆ ಪುರಾಣ, ಭಾಗ 9: ‘ರೇರ್’ ಅನ್ನೋ ಪದ ನಾನು ಬಿಟ್ಟಿದ್ದೀನಿ, ನೀವೂ ಬಿಡಿ

(1/6)

ಮೊದಲನೇ ಫೋಟೋದಲ್ಲಿರೋ ಒಂದು ರೂಪಾಯಿ ನಾಣ್ಯ ನೋಡಿ. ಇಸವಿ 1985. ಝೂಮ್ ಮಾಡಿದ್ರೆ ಇಸವಿ ಕೆಳಗೆ ಒಂದು ಪುಟ್ಟ ಇಂಗ್ಲಿಷ್ ‘ಎಚ್’ ಅಕ್ಷರ ಕಾಣತ್ತೆ. ಹಳೇ ಫಾಲೋವರ್ಸ್‌ಗೆ ನೆನಪಿರಬಹುದು, ಭಾಗ 4ರಲ್ಲಿ ಇದೇ ನಾಣ್ಯ ಹಾಕಿ, “ಬರ್ಮಿಂಗ್‌ಹ್ಯಾಂನಲ್ಲಿ ಅಚ್ಚಾದ ರೇರ್ ವೆರೈಟಿ! ನಿಮ್ಮನೆ ಡಬ್ಬ ಈಗಲೇ ಚೆಕ್ ಮಾಡಿ!” ಅಂತ ಬರೆದಿದ್ದೆ. ಮೂರು ಬೆಂಕಿ ಎಮೋಜಿ ಬೇರೆ. ನನ್ನ ಪೇಜ್‌ನಲ್ಲಿ ಅತಿ ಹೆಚ್ಚು ಲೈಕ್ ಬಂದ ಪೋಸ್ಟ್ ಅದು. ಹೋದ ವಾರ ಡಿಲೀಟ್ ಮಾಡಿದೆ.

ಯಾಕೆ ಅಂತ ಹೇಳ್ತೀನಿ. ಇವತ್ತು ಸ್ವಲ್ಪ ಉದ್ದ ಇದೆ, ಆರು ಪೋಸ್ಟ್ ಆಗತ್ತೆ. ಬಸ್ಸಲ್ಲಿದ್ರೆ ಸೀಟು ಸಿಕ್ಕಮೇಲೆ ಓದಿ.

ನನ್ನ ಸೋದರತ್ತೆ ಮೈಸೂರಲ್ಲೇ ಇದ್ದಾರೆ, ಕುಂಬಾರಕೊಪ್ಪಲು ಕಡೆ. ಬ್ಲೌಸ್ ಹೊಲೀತಾರೆ, ಸೀರೆಗೆ ಫಾಲ್ ಹಾಕ್ತಾರೆ. ನನ್ನ ಪ್ರತಿ ಪೋಸ್ಟ್‌ಗೂ ತಪ್ಪದೆ ಹಾರ್ಟ್ ಒತ್ತೋ ಒಬ್ಬರೇ ಒಬ್ಬ ಸಂಬಂಧಿಕರು. ಭಾಗ 4 ನೋಡಿ ಅವರು ಗುಂಡಿ ಹಾಕಿಡೋ ಡಬ್ಬ ಸುರಿದು ಹುಡುಕಿದ್ದಾರೆ. ಎಚ್ ಇರೋ ರೂಪಾಯಿ ಸಿಕ್ಕಿದೆ. ನನಗೆ ಫೋನ್ ಮಾಡಿದ್ರು, ನಾನು ಇಂಟರ್ನಲ್ಸ್ ಗಲಾಟೆಯಲ್ಲಿ, “ಹೂಂ ಅತ್ತೆ, ರೇರೇ ಅದು, ಇಟ್ಕೊಳ್ಳಿ” ಅಂದು ಇಟ್ಟುಬಿಟ್ಟೆ. ಆಮೇಲೆ ಅವರೇ ಫೋನಲ್ಲಿ ಹುಡುಕಿದ್ದಾರೆ. ಹುಡುಕಿದ್ರೆ ಏನು ಬರತ್ತೆ ಅಂತ ನಿಮಗೂ ಗೊತ್ತು: “ಈ ಒಂದು ರೂಪಾಯಿ ನಿಮ್ಮ ಬಳಿ ಇದೆಯಾ? ಎರಡೂವರೆ ಲಕ್ಷ ಪಡೆಯಿರಿ.” ಕೆಳಗೊಂದು ವಾಟ್ಸಾಪ್ ನಂಬರ್.

ರಿಜಿಸ್ಟ್ರೇಷನ್ ಅಂತ 1,150. ಎರಡು ದಿನ ಆದ್ಮೇಲೆ ಜಿಎಸ್‌ಟಿ ಅಂತ 3,999. ಆಮೇಲೆ “ಹಣ ತರೋ ಗಾಡಿಗೆ ಇನ್ಶೂರೆನ್ಸ್” ಅಂತ 7,200. ಒಟ್ಟು 12,349 ರೂಪಾಯಿ. ಒಂದು ಬ್ಲೌಸ್‌ಗೆ 250 ಅಂದ್ರೂ ಹತ್ತಿರ ಹತ್ತಿರ 50 ಬ್ಲೌಸ್. ನಾಲ್ಕನೇ ಸಲ ದುಡ್ಡು ಕೇಳಿದಾಗ ನನಗೆ ಫೋನ್ ಬಂತು. “ನೀನೇ ಹಾಕಿದ್ದೆಯಲ್ಲ ಕಣೆ, ರೇರ್ ಅಂತ” ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

(2/6)

ಮೊದಲು ನಾಣ್ಯದ ವಿಷಯ ಸರಿ ಮಾಡ್ತೀನಿ, ಯಾಕಂದ್ರೆ ಭಾಗ 4ರಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ.

80ರ ದಶಕದ ಮಧ್ಯದಲ್ಲಿ ದೇಶದಲ್ಲಿ ಚಿಲ್ಲರೆಗೆ ಭಾರಿ ಅಭಾವ. ನಮ್ಮ ಟಂಕಸಾಲೆಗಳು ಎಷ್ಟು ಹೊಡೆದ್ರೂ ಸಾಲ್ತಿರಲಿಲ್ಲ. ಹಾಗಾಗಿ ಸರ್ಕಾರ ಹೊರದೇಶದ ಟಂಕಸಾಲೆಗಳಿಗೆ ಆರ್ಡರ್ ಕೊಡ್ತು. ಬರ್ಮಿಂಗ್‌ಹ್ಯಾಂನ ಹೀಟನ್ ಟಂಕಸಾಲೆ ಹೊಡೆದ ರೂಪಾಯಿಗೆ ಎಚ್ ಗುರುತು ಬಂತು. ಅಂದ್ರೆ ಆ ಅಕ್ಷರದ ಹಿಂದೆ ನಿಜವಾದ ಒಂದು ಕತೆ ಇದೆ. ಆದರೆ ಅಭಾವ ನೀಗಿಸೋಕೆ ತರಿಸಿದ ನಾಣ್ಯ ಹತ್ತಿಪ್ಪತ್ತು ಇರತ್ತಾ? ಕೋಟಿಗಟ್ಟಲೆ ಬಂತು. ಸವೆದ ಒಂದಕ್ಕೆ ಸಂಗ್ರಾಹಕರು ಕೊಡೋದು ಟೀ-ಬನ್ ದುಡ್ಡು, ಅದೂ ಬೇಕು ಅಂತ ಅನ್ನಿಸಿದ್ರೆ. ವೆರೈಟಿ ಹೌದು. ರೇರ್ ಅಲ್ಲ. ಈ ಎರಡನೇ ವಾಕ್ಯ ನಾನು ಬರೀಲಿಲ್ಲ.

ನನ್ನ ವಾದ ಇಷ್ಟೇ. ಒಂದೇ ಥರ ಕಾಣೋ ಎರಡು ಕಾಸಿನ ಮಧ್ಯೆ ಇರೋ ಸಣ್ಣ ವ್ಯತ್ಯಾಸ ಗುರುತಿಸೋದು ಒಂದು ಕೆಲಸ. ಅದಕ್ಕೆ ಬೆಲೆ ಕಟ್ಟೋದು ಬೇರೆ ಕೆಲಸ. ನಮ್ಮಂಥ ಸಣ್ಣ ಪೇಜ್‌ಗಳು ಎರಡನ್ನೂ ಕಲಸಿ, ‘ರೇರ್’ ಅನ್ನೋ ಒಂದೇ ಪದದಲ್ಲಿ ಬಡಿಸ್ತಾ ಇದ್ದೀವಿ. ಮೋಸ ಮಾಡೋರು ಬೇರೆಯವರೇ ಇರಬಹುದು, ಆದರೆ ಅವರ ಅಂಗಡಿಗೆ ದಾರಿ ತೋರಿಸೋ ಬೋರ್ಡು ನಮ್ಮದು.

ಅಂದಹಾಗೆ ಅತ್ತೆಗೆ ಕಳಿಸಿದ ‘ಸರ್ಟಿಫಿಕೇಟ್’ ಮೇಲೆ ರಿಸರ್ವ್ ಬ್ಯಾಂಕ್ ಮುದ್ರೆ ಇತ್ತು. ದಯವಿಟ್ಟು ಇದನ್ನ ಮನೆಯಲ್ಲಿ ಎಲ್ಲರಿಗೂ ಹೇಳಿ: 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿದೆ. ಹಳೇ ನೋಟು, ನಾಣ್ಯ ಕೊಳ್ಳೋ ಮಾರೋ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ, ಅದಕ್ಕೆ ಕಮಿಷನ್ ಕೇಳಲ್ಲ, ತನ್ನ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ದುಡ್ಡು ಕಳೆದುಕೊಂಡಿದ್ರೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು. ನಾವು ಮಾಡೋ ಹೊತ್ತಿಗೆ 11 ದಿನ ಆಗಿತ್ತು.

(3/6)

“ಹಾಗಾದ್ರೆ ಸಣ್ಣ ಪುಟ್ಟ ವೆರೈಟಿ ಹುಡುಕಿ ಏನು ಪ್ರಯೋಜನ?” ಅಂತ ಕ್ಲಾಸ್‌ಮೇಟ್ ಒಬ್ಬ ಕೇಳ್ದ. ಕಾಮರ್ಸ್ ಹುಡುಗ, ಕೇಳ್ತಾನೆ. ಉತ್ತರ ಎರಡನೇ ಫೋಟೋದಲ್ಲಿದೆ.

ಅದು ಟಿಪ್ಪು ಕಾಲದ ತಾಮ್ರದ ಪೈಸೆ. ತೂಕ ಸುಮಾರು 11 ಗ್ರಾಂ. ನನ್ನ ತಾತ ಬಿಟ್ಟುಹೋದ ತಗಡಿನ ಡಬ್ಬದಲ್ಲಿತ್ತು. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಶಿಯನ್ ಬರಹ. ಎಲ್ಲರೂ ‘ಆನೆ ಕಾಸು’ ಅಂತ ಹೇಳಿ ಮುಗಿಸ್ತಾರೆ. ಆದರೆ ಎರಡು ಆನೆ ಕಾಸು ಪಕ್ಕಪಕ್ಕ ಇಡಿ. ಒಂದರಲ್ಲಿ ಆನೆ ಎಡಕ್ಕೆ ಮುಖ ಮಾಡಿದೆ, ಇನ್ನೊಂದರಲ್ಲಿ ಬಲಕ್ಕೆ. ಬಾಲ, ಸೊಂಡಿಲು ಕೂಡ ಒಂದೇ ಥರ ಇರಲ್ಲ. ಇಸವಿ ಎಲ್ಲಿ ಬರೆದಿದ್ದಾರೆ ಅನ್ನೋದೂ ಬದಲಾಗತ್ತೆ. ಕೊನೇ ವರ್ಷಗಳ ಕೆಲವು ಕಾಸುಗಳಲ್ಲಿ ಆನೆ ಮೇಲೆ ಅಲಿಫ್, ಬೇ ಥರ ಒಂಟಿ ಅಕ್ಷರ ಇರತ್ತೆ. ಅದು ವರ್ಷದ ಗುರುತು.

ಇಸವಿ ಓದೋದೇ ಒಂದು ಮಜಾ. ಟಿಪ್ಪು 1787ರ ಸುಮಾರಿಗೆ ಹಿಜರಿ ಶಕೆ ಬಿಟ್ಟು ಮೌಲೂದಿ ಅನ್ನೋ ಹೊಸ ಶಕೆ ತಂದ. ಆ ನಾಣ್ಯಗಳಲ್ಲಿ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆದಿರ್ತಾರೆ. 1218 ಅನ್ನೋದು ನಮ್ಮ ಕಣ್ಣಿಗೆ 8121 ಥರ ಕಾಣತ್ತೆ. ನಾನು ಮೊದಲ ಸಲ ಓದಿದಾಗ ಭವಿಷ್ಯದಿಂದ ಬಂದ ನಾಣ್ಯ ಅಂದ್ಕೊಂಡಿದ್ದೆ.

ಪೈಸೆಗಳಿಗೆ ಹೆಸರೂ ಇತ್ತು, ಆಕಾಶದಿಂದ ತಂದಿದ್ದು. ಒಂದು ಪೈಸೆ ಜೊಹ್ರಾ, ಅಂದ್ರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದಕ್ಕಿಂತ ಚಿಕ್ಕದು ಕುತುಬ್, ಧ್ರುವ ನಕ್ಷತ್ರ. ಕಾಲು ಪೈಸೆ ಕೊಟ್ಟು ಸೊಪ್ಪು ಕೊಂಡವರು ಒಂದು ನಕ್ಷತ್ರ ಕೊಟ್ಟು ಕೊಂಡಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಟಂಕಸಾಲೆ ಹೆಸರು. ಹೆಚ್ಚಿನವು ಪಟ್ಟಣದ್ದು, ಅಂದ್ರೆ ಶ್ರೀರಂಗಪಟ್ಟಣ. ಬೆಂಗಳೂರಿನದು, ನಗರದ್ದು ಸಿಗತ್ತೆ. ಚಿತ್ರದುರ್ಗಕ್ಕೆ ಅವನು ಇಟ್ಟ ಹೆಸರು ಫರ್ರುಖ್‌ಯಾಬ್ ಹಿಸಾರ್, ಆ ಹೆಸರಿನದೂ ಇದೆ. ಮತ್ತೆ ‘ನಜರ್‌ಬಾರ್’ ಅಂತ ಒಂದಿದೆ. ಅದು ನಮ್ಮ ಮೈಸೂರು! ಹಳೇ ಮೈಸೂರು ಕೋಟೆ ಕೆಡವಿ ಪಕ್ಕದಲ್ಲಿ ಟಿಪ್ಪು ಕಟ್ಟೋಕೆ ಶುರು ಮಾಡಿದ ಹೊಸ ಕೋಟೆ ಅದು. 1799ರಲ್ಲಿ ಅವನು ಸತ್ತಮೇಲೆ ಅದರ ಕಲ್ಲುಗಳು ವಾಪಸ್ ಬಂದು ಮೈಸೂರು ಕೋಟೆಗೆ ಸೇರಿದವು. ಕೋಟೆ ಹೋಯ್ತು, ಹೆಸರು ನಜರ್‌ಬಾದ್ ಆಗಿ ಉಳೀತು. ನಾನು ದಿನಾ ಕಾಲೇಜಿಗೆ ಹೋಗೋದು ಆ ದಾರಿಯಲ್ಲೇ. ಕಂಡಕ್ಟರ್ “ನಜರ್‌ಬಾದ್ ಯಾರ್ರೀ” ಅಂತ ಕೂಗಿದಾಗೆಲ್ಲ ಆ ತಾಮ್ರದ ತುಂಡು ನೆನಪಾಗತ್ತೆ.

ನನ್ನ ಪೈಸೆ ನಜರ್‌ಬಾರಿನದಾ? ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ. ಯಾಕಂದ್ರೆ ಪಿಯುಸಿಯಲ್ಲಿದ್ದಾಗ ಅದನ್ನ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆದೆ. ಅಮ್ಮ ಚೊಂಬು ತೊಳೆಯೋ ಹಾಗೆ. ಫಳಫಳ ಅಂತು. 200 ವರ್ಷದ ಕಂದು ಪದರದ ಜೊತೆ ಊರಿನ ಹೆಸರಲ್ಲಿ ಉಳಿದಿದ್ದ ಗೆರೆಗಳೂ ಹೋದವು. ಎರಡನೇ ಫೋಟೋದಲ್ಲಿ ಅದು ಗುಲಾಬಿ ಬಣ್ಣಕ್ಕೆ ಹೊಳೀತಾ ಇರೋದು ಅದಕ್ಕೇ. ಚೆನ್ನಾಗಿದೆ ಅಂತ ಮಾತ್ರ ಹೇಳಬೇಡಿ.

(4/6)

ಮೂರನೇ ಫೋಟೋ: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಇದನ್ನ ಕನ್ನಡ ಓದೋಕೆ ಬರೋ ಯಾರು ಬೇಕಾದ್ರೂ ಗುರುತಿಸಬಹುದು, ಅದಕ್ಕೇ ಹೊಸಬರಿಗೆ ಇದನ್ನೇ ತೋರಿಸ್ತೀನಿ. ಹಿಂಭಾಗದಲ್ಲಿ ಮೂರು ಲಿಪಿ: ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷ್‌ನಲ್ಲಿ ‘ಕ್ಯಾಶ್’, ಜೊತೆಗೆ ಪರ್ಶಿಯನ್. ಬೆಲೆ ರೋಮನ್ ಅಂಕಿಯಲ್ಲಿ, 5, 10, 20, 25 ಹೀಗೆ. ಮುಂಭಾಗದಲ್ಲಿ ಮೊದಮೊದಲು ಆನೆ, ಮೇಲೆ ‘ಶ್ರೀ’, ಸೂರ್ಯ ಚಂದ್ರ. ಆಮೇಲೆ ಚಾಮುಂಡಿಯ ಹೆಸರು ಬರತ್ತೆ. ಇನ್ನೂ ಆಮೇಲೆ ಆನೆ ಹೋಗಿ ಸಿಂಹ ಬರತ್ತೆ. ಮೈಸೂರಲ್ಲಿದ್ದ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯ್ತು, 1843ರಲ್ಲಿ ಮುಚ್ಚಿತು.

ಆ ಕಾಲದ ಅಚ್ಚನ್ನ ಕೈಯಲ್ಲಿ ಕೆತ್ತೋದು. ಒಂದು ಅಚ್ಚು ಸವೆದ್ರೆ ಇನ್ನೊಬ್ಬ ಕೂತು ಇನ್ನೊಂದು ಕೆತ್ತಬೇಕು. ಎರಡು ಕೈಬರಹ ಒಂದೇ ಥರ ಇರತ್ತಾ? ನನ್ನ ಹತ್ತಿರ ಇರೋ ಎರಡು 20 ಕಾಸಿನಲ್ಲಿ ಒಂದರ ‘ಕಾ’ ದುಂಡಗೆ ಜಿಲೇಬಿ ಥರ ಇದೆ, ಇನ್ನೊಂದರದ್ದು ಒತ್ತಿದ ಹಾಗೆ ಚಪ್ಪಟೆ. ಒಂದರ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿವೆ, ಇನ್ನೊಂದರಲ್ಲಿ ಕೆತ್ತಿದವರಿಗೆ ಆ ಲಿಪಿ ಹೊಸದು ಅನ್ನೋದು ನೋಡಿದ್ರೇ ಗೊತ್ತಾಗತ್ತೆ, ನಮ್ಮ ಕೆಲವು ಬೋರ್ಡುಗಳ ಕನ್ನಡದ ಥರ. ಬೆಲೆಪಟ್ಟಿಯಲ್ಲಿ ಎರಡಕ್ಕೂ ಒಂದೇ ಸಾಲು, ಒಂದೇ ರೇಟು. ಆದರೆ ನನಗೆ ಇವು ಇಬ್ಬರು ಬೇರೆ ಬೇರೆ ಮನುಷ್ಯರ ಕೈ. ಅವರ ಹೆಸರು ಎಲ್ಲೂ ಇಲ್ಲ, ‘ಕಾ’ ಮಾತ್ರ ಇದೆ. ಪ್ರಯೋಜನ ಏನು ಅಂತ ಕೇಳಿದವನಿಗೆ ನಾನು ಕೊಟ್ಟ ಉತ್ತರ ಇದು. “ಓಕೆ” ಅಂದ. ಅಷ್ಟೇ ಅಂದ.

ಓದೋರಿಗೆ: ಜೆ.ಆರ್. ಹೆಂಡರ್ಸನ್ 1921ರಲ್ಲಿ ಹೈದರ್, ಟಿಪ್ಪು ನಾಣ್ಯಗಳ ಮೇಲೆ ಬರೆದ ಪುಸ್ತಕ ಇದೆ, ಟಂಕಸಾಲೆ ಪ್ರಕಾರ, ವರ್ಷದ ಪ್ರಕಾರ ಜೋಡಿಸಿದ್ದಾರೆ. ನಮ್ಮ ಮೈಸೂರಿನವರೇ ಆದ ಪ್ರೊಫೆಸರ್ ಎ.ವಿ. ನರಸಿಂಹಮೂರ್ತಿ ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದಿದ್ದಾರೆ. ಹೆಂಡರ್ಸನ್ ಪುಟಗಳಲ್ಲಿ ನನಗೆ ಹಿಡಿಸಿದ್ದು ವಿವರಿಸೋ ರೀತಿ. ಆನೆ ಯಾವ ಕಡೆ, ಇಸವಿ ಎಲ್ಲಿ, ಅಕ್ಷರ ಯಾವುದು. ಮೊದಲು ಕಂಡದ್ದನ್ನ ಬರೀತಾರೆ. ನಾವು ಮೊದಲು ಬೆಂಕಿ ಎಮೋಜಿ ಹಾಕ್ತೀವಿ.

(5/6)

ತಾಮ್ರ ಎಲ್ಲರಿಗೂ ಸಿಗಲ್ಲ, ಟೂರಿಸ್ಟ್ ಜಾಗಗಳಲ್ಲಿ ‘ಟಿಪ್ಪು ಕಾಸು’ ಅಂತ ಕೈಗೆ ತುರುಕೋದನ್ನ ನಂಬಬೇಡಿ. ಹಾಗಾಗಿ ಮನೆ ಡಬ್ಬಕ್ಕೆ ಬರೋಣ. ನಾಕಾಣೆ, ಎಂಟಾಣೆ, ಸ್ಟೀಲ್ ರೂಪಾಯಿ.

ಇಸವಿ ಕೆಳಗೆ ನೋಡಿ. ವಜ್ರದಾಕಾರ ಇದ್ರೆ ಮುಂಬೈ. ನಕ್ಷತ್ರ ಇದ್ರೆ ಹೈದರಾಬಾದ್. ಚುಕ್ಕಿ ಇದ್ರೆ ನೋಯ್ಡಾ. ಏನೂ ಇಲ್ಲ ಅಂದ್ರೆ ಕೋಲ್ಕತ್ತಾ. (ಮೈಸೂರಲ್ಲಿ ಮೇಟಗಳ್ಳಿಯಲ್ಲಿ ನೋಟು ಪ್ರಿಂಟ್ ಆಗತ್ತೆ, ನಾಣ್ಯ ಆಗಲ್ಲ. ಪ್ರತಿ ಸಲ ಯಾರಾದ್ರೂ ಕೇಳ್ತಾರೆ.) 1988ರಿಂದ ಬಂದ ಖಡ್ಗಮೃಗದ ನಾಕಾಣೆ ಹಿಡಿದು ಅಭ್ಯಾಸ ಮಾಡಿ. 2011ರ ಜೂನ್ 30ರಿಂದ ನಾಕಾಣೆ ಮತ್ತು ಅದಕ್ಕಿಂತ ಚಿಕ್ಕವು ಚಲಾವಣೆಯಲ್ಲಿಲ್ಲ, ಹಾಗಾಗಿ ಯಾರೂ ಬೇಡ ಅನ್ನಲ್ಲ, ಕೇಳಿದ್ರೆ ಕೊಡ್ತಾರೆ. ಎಂಟಾಣೆ ಕಾನೂನು ಪ್ರಕಾರ ಇವತ್ತಿಗೂ ನಡೆಯತ್ತೆ, ಅಂಗಡಿಯವರು ತಗೊಳ್ಳಲ್ಲ, ಅದು ಬೇರೆ ವಿಷಯ.

ಹೊಸಬರು ಎಡವೋದು ಎಲ್ಲಿ ಅಂದ್ರೆ, ಕೋಲ್ಕತ್ತಾ ಅಂತ ತೀರ್ಮಾನ ಮಾಡೋದ್ರಲ್ಲಿ. ಗುರುತು ಇಲ್ಲದೇ ಇರೋದು ಬೇರೆ, ಸವೆದು ಹೋಗಿರೋದು ಬೇರೆ. ಟ್ಯೂಬ್‌ಲೈಟ್ ಕೆಳಗೆ ನೇರವಾಗಿ ನೋಡಬೇಡಿ. ಸಂಜೆ ಕಿಟಕಿ ಹತ್ತಿರ, ಬೆಳಕು ಪಕ್ಕದಿಂದ ಬೀಳೋ ಹಾಗೆ ನಾಣ್ಯ ವಾಲಿಸಿ. ಸವೆದ ಚುಕ್ಕಿಯ ನೆರಳು ಆಗ ಏಳತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್ ಇದ್ರೆ ಸಾಕು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ತಾರಲ್ಲ, ಅಂಥದ್ದು. ಒಂದು ಸಲ ಖಡ್ಗಮೃಗದ ಕೆಳಗೆ ‘ಹೊಸ ಗುರುತು’ ಕಂಡುಹಿಡಿದೆ ಅಂತ ಎರಡು ದಿನ ಕುಣಿದಿದ್ದೆ. ಸೂಜಿಯಲ್ಲಿ ಮುಟ್ಟಿದ್ರೆ ಎದ್ದು ಬಂತು. ಕುಂಕುಮ.

ಅಕ್ಷರ ಎರಡೆರಡಾಗಿ ಕಾಣೋದಕ್ಕೆ, ಅಂಚಲ್ಲಿ ಉಬ್ಬಿದ ಗೆರೆ ಬರೋದಕ್ಕೆ ಬೇರೆ ಬೇರೆ ಕಾರಣ ಇರತ್ತೆ. ಅಚ್ಚೇ ಬಿರುಕು ಬಿಟ್ಟಿದ್ರೆ ಆ ಗೆರೆ ನಾಣ್ಯದಲ್ಲಿ ಉಬ್ಬಿ ನಿಲ್ಲತ್ತೆ. ಯಾರೋ ಗೀರಿದ್ರೆ ತಗ್ಗಾಗಿರತ್ತೆ. ಉಬ್ಬಾ ತಗ್ಗಾ ಅಂತ ಮೊದಲು ನೋಡಿ, ಅರ್ಧ ಅನುಮಾನ ಅಲ್ಲೇ ತೀರತ್ತೆ. ಇನ್ನೊಂದು: ಈಗಿನ ನಾಣ್ಯವನ್ನ ಪುಸ್ತಕದ ಹಾಳೆ ಮಗುಚೋ ಹಾಗೆ ಪಕ್ಕಕ್ಕೆ ತಿರುಗಿಸಿದ್ರೆ ಹಿಂಭಾಗವೂ ನೆಟ್ಟಗೆ ನಿಂತಿರಬೇಕು. ವಾರೆಯಾಗಿದ್ರೆ ಅಚ್ಚು ತಿರುಗಿದೆ ಅಂತ ಅರ್ಥ. ಇದನ್ನ ಅಂಗಡಿಯಲ್ಲಿ ಚಿಲ್ಲರೆ ತಗೊಳ್ಳುವಾಗಲೇ ನೋಡಬಹುದು. ಹಿಂದೆ ಕ್ಯೂ ಇದ್ರೆ ಬೇಡ.

ಆಮೇಲೆ ಬರೆದಿಡಿ. ಇದು ನನ್ನ ಬಿಕಾಂ ಬುದ್ಧಿ ಅಂತ ನಗಬಹುದು, ಆದರೆ ವೋಚರ್ ಇಲ್ಲದ ಎಂಟ್ರಿಗೆ ಹೇಗೆ ಬೆಲೆ ಇಲ್ಲವೋ ಚೀಟಿ ಇಲ್ಲದ ನಾಣ್ಯವೂ ಹಾಗೆ. ಅತ್ತೆ ರೂಪಾಯಿಗೆ ನಾನು ಈಗ ಬರೆದಿರೋ ಚೀಟಿ: “1 ರೂ, 1985. ಇಸವಿ ಕೆಳಗೆ ಎಚ್. 6 ಗ್ರಾಂ. ಸವೆತ ಮಧ್ಯಮ, ಅಂಚಲ್ಲಿ ಒಂದು ಏಟು. ಅತ್ತೆಯ ಗುಂಡಿ ಡಬ್ಬದಿಂದ.” ಇದರಲ್ಲಿ ರೇರ್ ಇಲ್ಲ, ಲಕ್ಷ ಇಲ್ಲ. ಭಾಗ 4ರಲ್ಲಿ ಇಷ್ಟೇ ಬರೆದಿದ್ರೆ ಸಾಕಿತ್ತು.

(6/6)

ಇದಕ್ಕೆ ಬರೋ ಆಕ್ಷೇಪ ಗೊತ್ತು. ನಾಣ್ಯ ಸಂಗ್ರಹ ಮಾಡೋ ಒಬ್ಬ ಅಣ್ಣ ನನಗೆ ನೇರವಾಗೇ ಹೇಳಿದ್ರು: “ಬೆಲೆ ಹೇಳದೇ ಇದ್ರೆ ನಿನ್ನ ಪೋಸ್ಟ್ ಯಾರಮ್ಮ ನೋಡ್ತಾರೆ? ನಾನೂ ದುಡ್ಡಿನ ಆಸೆಗೇ ಶುರು ಮಾಡಿದ್ದು, ಆಮೇಲೆ ಪ್ರೀತಿ ಹುಟ್ಟಿದ್ದು.” ಸುಳ್ಳಲ್ಲ. ನಾನೂ ತಾತನ ಡಬ್ಬ ಮೊದಲ ಸಲ ತೆಗೆದದ್ದು ಹೊಸ ಫೋನ್ ಬರಬಹುದಾ ಅಂತಲೇ. ಬೆಲೆ ಮಾತಾಡೋದೇ ಪಾಪ ಅಂತ ನಾನು ಹೇಳ್ತಾ ಇಲ್ಲ. ಕೆಲವು ನಾಣ್ಯ ನಿಜವಾಗಿಯೂ ಕಡಿಮೆ ಇವೆ, ಅವಕ್ಕೆ ಜನ ದುಡ್ಡು ಕೊಡ್ತಾರೆ.

ಆದರೆ ಬೆಲೆ ಹೇಳೋದಾದ್ರೆ ಪೂರ್ತಿ ಹೇಳಿ. ಯಾವ ಸ್ಥಿತಿಯಲ್ಲಿರೋದಕ್ಕೆ? ಯಾರೋ ಕೇಳ್ತಾ ಇರೋ ರೇಟಾ, ನಿಜವಾಗಿ ಮಾರಾಟ ಆದ ರೇಟಾ? ಆನ್‌ಲೈನಲ್ಲಿ ಖಡ್ಗಮೃಗಕ್ಕೆ ಒಂದು ಲಕ್ಷ ಅಂತ ಯಾರು ಬೇಕಾದ್ರೂ ಟೈಪ್ ಮಾಡಬಹುದು, ನಾನು ನನ್ನ ಚಪ್ಪಲಿಗೂ ಹಾಕಬಹುದು. ಕೊಂಡವರು ಇದ್ದಾಗ ಮಾತ್ರ ಅದು ಬೆಲೆ. ಮೊದಲನೇ ವರ್ಷದ ಎಕನಾಮಿಕ್ಸ್‌ನಲ್ಲಿ ಇದನ್ನ ಐದು ಮಾರ್ಕ್ಸ್‌ಗೆ ಬರೆದಿದ್ದೆ, ಪೇಜ್ ನಡೆಸುವಾಗ ಮರೆತೆ. 2012ರ ವೈಷ್ಣೋದೇವಿ 5 ರೂಪಾಯಿ, 10 ರೂಪಾಯಿ ನಾಣ್ಯದ ವಿಡಿಯೋ ನಿಮಗೂ ಬಂದಿರತ್ತೆ, ಲಕ್ಷದ ಲೆಕ್ಕದಲ್ಲಿ. ಅದು ಶ್ರೈನ್ ಬೋರ್ಡ್‌ಗೆ 25 ವರ್ಷ ಆದಾಗ ಹೊರಡಿಸಿದ ನಾಣ್ಯ, ಚಲಾವಣೆಗೇ ಬಿಟ್ಟಿದ್ದು. ಹಾಲಿನ ಬೂತಲ್ಲಿ ನನಗೇ ಎರಡು ಸಿಕ್ಕಿವೆ.

ಇನ್ನೊಂದು ಗಂಭೀರ ವಿಷಯ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚೀನ ವಸ್ತು. ಹೊರದೇಶಕ್ಕೆ ಕಳಿಸೋ ಹಾಗಿಲ್ಲ. “ದುಬೈ ಪಾರ್ಟಿ ಇದೆ, ಡಾಲರಲ್ಲಿ ಕೊಡ್ತಾರೆ” ಅಂತ ಮೆಸೇಜ್ ಮಾಡೋರೇ, ನಿಮ್ಮ ಮೆಸೇಜ್ ಓದಿದ್ದೀನಿ, ಉತ್ತರ ಇದೇ.

ಇವತ್ತಿಂದ ಈ ಪೇಜ್‌ನಲ್ಲಿ ‘ರೇರ್’ ಇಲ್ಲ. ಭಾಗ 1ರಿಂದ 8ರವರೆಗೆ ಕ್ಯಾಪ್ಷನ್‌ಗಳನ್ನ ತಿದ್ದಿದ್ದೀನಿ. ಲೆಕ್ಕ ಹಾಕಿದೆ, ಆ ಪದ 23 ಸಲ ಬಳಸಿದ್ದೆ. ಒಂದು ಕಡೆ ಮಾತ್ರ ಅದಕ್ಕೆ ಆಧಾರ ಇತ್ತು. ಅಲ್ಲೂ ತೆಗೆದೆ. ನಿಮ್ಮ ಪೇಜ್ ಇದ್ರೆ ನೀವೂ ಒಂದು ಸಲ ಎಣಿಸಿ ನೋಡಿ.

ಕೊನೇ ಫೋಟೋ ಮೊನ್ನೆ ಭಾನುವಾರದ್ದು. ಅತ್ತೆ ಮನೆ ಜಗಲಿ, ಹೊಲಿಗೆ ಮಿಷನ್ ಮೇಲೆ ಹಾಸಿದ ಹಳೇ ಟವೆಲ್, ಅದರ ಮೇಲೆ ಅವರ ಡಬ್ಬದ ಚಿಲ್ಲರೆ. ದುಡ್ಡು ವಾಪಸ್ ಬಂದಿಲ್ಲ. ಕಂಪ್ಲೇಂಟ್ ನಂಬರ್ ಬಂದಿದೆ. ನಾನು ತಿಂಗಳಿಗೆ ಸಾವಿರ ಕೊಡ್ತೀನಿ ಅಂದೆ, ಟ್ಯೂಷನ್ ದುಡ್ಡಿದೆ. “ಓದೋ ಹುಡುಗಿ ನೀನು, ಸುಮ್ನಿರೆ” ಅಂದ್ರು. ಮೊದಲ ಕಂತು ಅವರ ದೇವರ ಮನೆ ಡಬ್ಬಿಗೆ ಹಾಕಿ ಬಂದಿದ್ದೀನಿ, ಇದನ್ನ ಓದಿದಾಗ ಅವರಿಗೆ ಗೊತ್ತಾಗತ್ತೆ.

ಎಚ್ ರೂಪಾಯಿಯನ್ನ ಬಿಸಾಡಿರ್ತಾರೆ ಅಂದ್ಕೊಂಡಿದ್ದೆ. ಇಟ್ಕೊಂಡಿದ್ದಾರೆ. “ಅದೇನು ತಪ್ಪು ಮಾಡ್ತು ಪಾಪ” ಅಂದ್ರು. ಆಮೇಲೆ ಸೂಜಿಗೆ ದಾರ ಪೋಣಿಸೋ ಕನ್ನಡಕ ಹಾಕ್ಕೊಂಡು, ನನ್ನ ಲೆನ್ಸ್ ಕಿತ್ತುಕೊಂಡು ನಾಕಾಣೆಗಳನ್ನ ನೋಡೋಕೆ ಕೂತ್ರು. ಹೊಲಿಗೆಯವರ ಕಣ್ಣಲ್ವಾ. ನಾನು ಕೋಲ್ಕತ್ತಾ ಅಂತ ಪಕ್ಕಕ್ಕೆ ತಳ್ಳಿದ್ದ ಎರಡರಲ್ಲಿ ಚುಕ್ಕಿ ಇದೆ ಅಂತ ತೋರಿಸಿದ್ರು. ವಾಲಿಸಿ ನೋಡಿದೆ. ಹೌದು, ಇತ್ತು. ನೋಯ್ಡಾ. ಚೀಟಿ ತಿದ್ದಿ ಬರೆದೆ.

ಭಾಗ 10ರಲ್ಲಿ ಹತ್ತು ಪೈಸೆ. ಎಲೆಯ ಅಂಚಿನ ಥರ ಅಲೆಅಲೆಯಾಗಿರೋ ಅಲ್ಯೂಮಿನಿಯಂದು ನಿಮ್ಮನೆಯಲ್ಲಿದ್ರೆ ತೊಳೀದೆ, ತಿಕ್ಕದೆ, ಹಾಗೇ ಒಂದು ಫೋಟೋ ಕಳಿಸಿ.